ಎದ್ದು ಎದ್ದು ಬೀಳುತ್ತಿದ್ದ ರೂಟರ್

ಜುಲೈ 18ರ ರಾತ್ರಿ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಆಷಾಢದ ಮಳೆ ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಸಂಜೆಯಿಂದ ಕರೆಂಟು ಹೋಗುವುದು ಬರುವುದು ನಡೆದೇ ಇತ್ತು, ಒಂದೊಂದು ಸಲ ನಿಮಿಷದೊಳಗೆ ಮೂರು ಬಾರಿ. ನಾನು ಊರಿನ ಅಂಗಡಿಯವರದ್ದು, ಅಡಿಕೆ ವ್ಯಾಪಾರಿಗಳದ್ದು ಜಿಎಸ್‌ಟಿ ರಿಟರ್ನ್ ಹಾಕಿಕೊಡುವವನು. ತಿಂಗಳ 20ನೇ ತಾರೀಖು ಜಿಎಸ್‌ಟಿಆರ್-3ಬಿ ಎಂಬ ತಿಂಗಳ ರಿಟರ್ನಿಗೆ ಕೊನೆಯ ದಿನ. ಅದು ದಾಟಿದರೆ ತೆರಿಗೆ ಕಟ್ಟಬೇಕಾದವರಿಗೆ ದಿನಕ್ಕೆ 50 ರೂಪಾಯಿ ತಡ ಶುಲ್ಕ, ಮೇಲೆ ಬಡ್ಡಿ. ಆ ರಾತ್ರಿ ನನ್ನ ಮೇಜಿನ ಮೇಲೆ ಹನ್ನೊಂದು ಜನರ ಲೆಕ್ಕ ಬಾಕಿ ಇತ್ತು. ನಮ್ಮ ಮನೆಯೊಳಗೆ ಮೊಬೈಲ್ ಸಿಗ್ನಲ್ ಇಲ್ಲ. ಇರುವುದು ಫೈಬರ್ ಒಂದೇ.

ಒಂಬತ್ತು ಗಂಟೆ ಸುಮಾರಿಗೆ ಕರೆಂಟು ಬಂದು ನಿಂತಿತು. ಫೈಬರ್ ಬಾಕ್ಸ್ ತಾನಾಗಿ ಎದ್ದಿತು. ಪಾನ್ ಎಂದು ಬರೆದ ಹಸಿರು ದೀಪ ಮಿನುಗುವುದು ಬಿಟ್ಟು ಸ್ಥಿರವಾಯಿತು, ಲಾಸ್ ಎಂಬ ಕೆಂಪು ದೀಪ ಹತ್ತಲಿಲ್ಲ. ಅಂದರೆ ಹೊರಗಿನ ಲೈನಿಗೆ ಏನೂ ಆಗಿಲ್ಲ. ಏಳದೆ ಹೋದದ್ದು ಅದರ ಪಕ್ಕದಲ್ಲಿದ್ದ ರೂಟರ್. ಪವರ್ ದೀಪ ಮಿನುಗುತ್ತದೆ, ಅರ್ಧ ನಿಮಿಷಕ್ಕೆ ಸ್ಥಿರವಾಗುತ್ತದೆ, ವೈಫೈ ದೀಪ ಹತ್ತುತ್ತದೆ, ಫೋನಿನಲ್ಲಿ ನಮ್ಮ ಮನೆಯ ವೈಫೈ ಹೆಸರೂ ಕಾಣಿಸುತ್ತದೆ. ಇನ್ನೇನು ಸೇರಿಕೊಳ್ಳಬೇಕು ಅನ್ನುವಷ್ಟರಲ್ಲಿ ಎಲ್ಲ ದೀಪವೂ ಒಟ್ಟಿಗೆ ಆರಿ ಮತ್ತೆ ಮೊದಲಿನಿಂದ ಶುರು. ಹೀಗೇ ಇಪ್ಪತ್ತು ನಿಮಿಷ.

ಆಗ ನಾನು ಮಾಡಿದ ಮೊದಲ ಕೆಲಸವೇ ತಪ್ಪು. ನಿಮ್ಮಲ್ಲಿ ಯಾರೂ ಅದನ್ನು ಮಾಡಬಾರದು ಅಂತಲೇ ಇದನ್ನು ಬರೆಯಲು ಕೂತದ್ದು. ಸಿಮ್ ತೆಗೆಯುವ ಪಿನ್ನು ಹುಡುಕಿ ತಂದು, ಹಿಂಬದಿಯ ರೀಸೆಟ್ ತೂತಿಗೆ ಚುಚ್ಚಿ ಹತ್ತು ಸೆಕೆಂಡ್ ಒತ್ತಿ ಹಿಡಿದೆ. ರೂಟರ್ ಸರಿಯಾಗಲಿಲ್ಲ. ಬದಲಿಗೆ ಅದರೊಳಗಿದ್ದ ಪಿಪಿಪಿಓಇ, ಅಂದರೆ ಇಂಟರ್ನೆಟ್ ಲಾಗಿನ್ನಿನ, ಯೂಸರ್ ಐಡಿ, ಪಾಸ್‌ವರ್ಡ್ ಎರಡೂ ಅಳಿಸಿಹೋದವು. ನಾಲ್ಕು ವರ್ಷದ ಹಿಂದೆ ಕೇಬಲ್ ಹುಡುಗ ಬಂದು ಹಾಕಿಕೊಟ್ಟಿದ್ದ. ನಾನು ಎಲ್ಲೂ ಬರೆದಿಟ್ಟುಕೊಂಡಿರಲಿಲ್ಲ. ಛತ್ರಿ ಹಿಡಿದು ಕೊಟ್ಟಿಗೆಯ ಮೂಲೆಗೆ ಹೋದರೆ ಒಂದು ಕಡ್ಡಿ ಸಿಗ್ನಲ್ ಸಿಗುತ್ತದೆ. ಅಲ್ಲಿಂದ ಅವನಿಗೆ ಫೋನ್ ಮಾಡಿದೆ.

“ಅಣ್ಣಾ, ರೀಸೆಟ್ ಯಾಕೆ ಮಾಡಿದ್ರಿ? ಐಡಿ ಆಫೀಸಿನ ಪುಸ್ತಕದಲ್ಲಿ ಇದೆ, ಬೆಳಿಗ್ಗೆ ಕೊಡ್ತೀನಿ. ಈಗ ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿ” ಅಂದ.

“ಅದು ತಾನೇ ಆಫ್ ಆಗಿ ಆನ್ ಆಗ್ತಾ ಇದೆ ಮಾರಾಯ” ಅಂದೆ.

ವಾಪಸ್ ಬಂದು ತಲೆ ಒರೆಸಿಕೊಂಡು ಕೂತಾಗ ಒಂದು ಯೋಚನೆ ಬಂತು. ರೂಟರ್ ಏಳುವುದು ಒಂದೇ ಏಟಿಗೆ ಆಗುವ ಕೆಲಸವಲ್ಲ, ಮೆಟ್ಟಿಲು ಹತ್ತಿದ ಹಾಗೆ. ಮೊದಲು ಬೂಟ್‌ಲೋಡರ್ ಎಂಬ ಪುಟ್ಟ ಪ್ರೋಗ್ರಾಂ ಏಳುತ್ತದೆ. ಅದು ಫ್ಲ್ಯಾಶ್ ಮೆಮೊರಿಯಿಂದ ಮುಖ್ಯ ಸಾಫ್ಟ್‌ವೇರನ್ನು, ಅಂದರೆ ಫರ್ಮ್‌ವೇರನ್ನು, ಎಬ್ಬಿಸುತ್ತದೆ. ಆಮೇಲೆ ಲ್ಯಾನ್ ಎಂಬ ವೈರಿನ ಸಂಪರ್ಕ, ಆಮೇಲೆ ವೈಫೈ, ಕೊನೆಗೆ ಇಂಟರ್ನೆಟ್ ಲಾಗಿನ್. ಯಾವ ಮೆಟ್ಟಿಲಲ್ಲಿ ಜಾರುತ್ತಿದೆ ಅಂತ ತಿಳಿದರೆ ರೋಗ ಅರ್ಧ ತಿಳಿದ ಹಾಗೆ.

ಅದನ್ನು ನೋಡಲು ಲ್ಯಾಪ್‌ಟಾಪನ್ನು ಲ್ಯಾನ್ ವೈರಿನಿಂದ ನೇರ ರೂಟರಿಗೆ ಕಟ್ಟಿದೆ. ರೂಟರ್ ಪೂರ್ತಿ ಏಳುವ ತನಕ ಲ್ಯಾಪ್‌ಟಾಪಿಗೆ ಐಪಿ, ಅಂದರೆ ನೆಟ್‌ವರ್ಕಿನ ವಿಳಾಸ, ಸಿಗುವುದಿಲ್ಲ. ಹಾಗಾಗಿ ನಾನೇ 192.168.1.10 ಅಂತ ಕೈಯಿಂದ ಕೊಟ್ಟೆ. ಕಮಾಂಡ್ ಪ್ರಾಂಪ್ಟ್ ತೆರೆದು ರೂಟರಿನ ವಿಳಾಸ 192.168.1.1ಕ್ಕೆ ನಿಲ್ಲದ ಪಿಂಗ್, ಅಂದರೆ ‘ಇದ್ದೀಯಾ’ ಅಂತ ಮತ್ತೆ ಮತ್ತೆ ಕೇಳುವ ಕಮಾಂಡ್, ಹಾಕಿ, ಒಂದೊಂದೇ ಸಾಲು ಬರುವುದನ್ನು ನೋಡುತ್ತ ಕೂತೆ.

ಆ ಸಾಲಿನ ಕೊನೆಯಲ್ಲಿ ಟಿಟಿಎಲ್ ಎಂಬ ಒಂದು ಅಂಕೆ ಇರುತ್ತದೆ. ಅದನ್ನು ಯಾರೂ ಗಮನಿಸುವುದಿಲ್ಲ. ಕೆಲವು ರೂಟರ್‌ಗಳಲ್ಲಿ, ನನ್ನದೂ ಅದೇ ಜಾತಿ, ಬೂಟ್‌ಲೋಡರ್ ಮಾತಾಡುವಾಗ ಆ ಅಂಕೆ 100 ಇರುತ್ತದೆ. ಒಳಗಿನ ಲಿನಕ್ಸ್ ಎದ್ದ ಮೇಲೆ 64 ಆಗುತ್ತದೆ. ನನ್ನ ಪರದೆಯಲ್ಲಿ ಮೊದಲು ಎರಡು ಮೂರು ಸಾಲು 100 ಬಂತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಸಾಲು ಸಾಲು 64. ಆಮೇಲೆ ವೈಫೈ ದೀಪ ಹತ್ತಿತು, ಐದಾರು ಸಾಲಿಗೆ ಪಿಂಗ್ ಸತ್ತಿತು. ನಾಲ್ಕು ಸುತ್ತು ನೋಡಿದೆ. ನಾಲ್ಕೂ ಸಲ ಅದೇ ಜಾಗದಲ್ಲಿ, ವೈಫೈ ದೀಪ ಹತ್ತಿದ ಮೇಲೆಯೇ.

ಫರ್ಮ್‌ವೇರ್ ಕೆಟ್ಟಿದ್ದರೆ 64 ಬರಲೇಬಾರದಿತ್ತು. ಹಾಗಾದರೆ ಅದು ನೆಟ್ಟಗಿದೆ. ರೂಟರಿನ ಹಿಂಬದಿಯಲ್ಲಿ ವೈಫೈ ಆನ್-ಆಫ್ ಮಾಡುವ ಜಾರು ಸ್ವಿಚ್ ಒಂದಿದೆ. ಅಷ್ಟು ವರ್ಷ ಅದನ್ನು ಮುಟ್ಟಿರಲಿಲ್ಲ. ಅದನ್ನು ಆಫ್ ಮಾಡಿ ರೂಟರ್ ಆನ್ ಮಾಡಿದೆ. 64, 64, 64. ಐದು ನಿಮಿಷ, ಹತ್ತು ನಿಮಿಷ, ಕಾಲು ಗಂಟೆ, ಬೀಳಲಿಲ್ಲ. ಸ್ವಿಚ್ ಆನ್ ಮಾಡಿದೆ. ಬಿತ್ತು.

ವೈಫೈ ಆನ್ ಆದ ಕೂಡಲೇ ರೂಟರಿಗೆ ಹೆಚ್ಚಾಗಿ ಬೇಕಾಗುವುದು ಏನು? ಕರೆಂಟು. ಅದರೊಳಗಿನ ವೈಫೈ ರೇಡಿಯೊ ಕೆಲಸ ಶುರು ಮಾಡಿದಾಗ ಅದು ಎಳೆಯುವ ಆಂಪಿಯರ್ ಒಮ್ಮೆಲೇ ಏರುತ್ತದೆ. ಅದನ್ನು ಕೊಡಲು ಅಡಾಪ್ಟರಿಗೆ ತಾಕತ್ತಿಲ್ಲದಿದ್ದರೆ ವೋಲ್ಟೇಜ್ ಕುಸಿಯುತ್ತದೆ, ಚಿಪ್ ತನ್ನಷ್ಟಕ್ಕೆ ರೀಸ್ಟಾರ್ಟ್ ಆಗುತ್ತದೆ, ಮತ್ತೆ ವೈಫೈವರೆಗೆ ಬರುತ್ತದೆ, ಮತ್ತೆ ಕುಸಿಯುತ್ತದೆ.

ಮಲ್ಟಿಮೀಟರ್ ತಂದು ಅಡಾಪ್ಟರಿನ ಪಿನ್ನಿಗೆ ಹಿಡಿದೆ. 12.3 ವೋಲ್ಟ್ ತೋರಿಸಿತು. ಅಡಾಪ್ಟರಿನ ಮೇಲೆ ಬರೆದಿರುವುದು 12. ಎಷ್ಟೋ ಜನ ಇಲ್ಲಿಯೇ ಮೋಸಹೋಗುತ್ತಾರೆ, ಅಡಾಪ್ಟರ್ ಸರಿ ಇದೆ ಅಂದುಕೊಂಡು ಹೊಸ ರೂಟರ್ ತರುತ್ತಾರೆ. ಭಾರ ಹೊರದೆ ನಿಂತವನ ಬಲ ಎಷ್ಟು ಅಂತ ನೋಡಿದರೆ ಹೇಗೆ ತಿಳಿಯುತ್ತದೆ? ತೋಟದ ಮೋಟಾರ್ ಚಾಲೂ ಮಾಡಿದ ಗಳಿಗೆಯಲ್ಲಿ ಮನೆಯ ದೀಪ ಮಂಕಾಗುತ್ತದಲ್ಲ, ಅದಕ್ಕೂ ಮುಂಚೆ ಅದೇ ದೀಪ ಝಗಝಗ ಉರಿಯುತ್ತಿರುತ್ತದೆ. ಅಡಾಪ್ಟರಿನ ಕಥೆಯೂ ಅದೇ. ಅದಕ್ಕೆ ಭಾರ ಹೊರಿಸಿಯೇ ಅಳೆಯಬೇಕು.

ಭಾರಕ್ಕೆ ನನಗೆ ಸಿಕ್ಕಿದ್ದು ಬೈಕಿನ ಇಂಡಿಕೇಟರ್ ಬಲ್ಬ್. 12 ವೋಲ್ಟ್, 10 ವ್ಯಾಟಿನದು. ಅದು ಎಳೆಯುವುದು ಸುಮಾರು 0.83 ಆಂಪಿಯರ್. ಅಡಾಪ್ಟರ್ 1.5 ಆಂಪಿಯರಿನದು, ಆರೋಗ್ಯವಾಗಿದ್ದರೆ ಇದನ್ನು ಆರಾಮಾಗಿ ಉರಿಸಬೇಕು. ಪಿನ್ನಿನ ಒಳತೂತಿಗೆ ಒಂದು ಸಣ್ಣ ಮೊಳೆ ತೂರಿಸಿ, ಹೊರಮೈಗೆ ಕ್ಲಿಪ್ ಹಾಕಿ, ಎರಡೂ ಒಂದಕ್ಕೊಂದು ತಾಗದ ಹಾಗೆ ನಡುವೆ ಟೇಪ್ ಸುತ್ತಿ ಬಲ್ಬಿಗೆ ಕೊಟ್ಟೆ. ಬಲ್ಬ್ ತಣ್ಣಗಿರುವಾಗ ಮೊದಲ ಕ್ಷಣ ತುಂಬ ಹೆಚ್ಚು ಕರೆಂಟು ಎಳೆಯುತ್ತದೆ. ಆಗ ಒಂದು ಸಲ ಮಿಣುಕಿದರೆ ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ನನ್ನದು ಮಿಣುಕುತ್ತಲೇ ಇತ್ತು. ಅಡಾಪ್ಟರಿನೊಳಗಿಂದ ಗಡಿಯಾರದ ಹಾಗೆ ಟಿಕ್ ಟಿಕ್ ಸದ್ದು. ಮೀಟರಿನ ಅಂಕೆ 12.3ರಿಂದ ಇಳಿದು 8ರ ಕೆಳಗೆ ಹೋಗಿ, ಏರಿ, ಮತ್ತೆ ಇಳಿಯುತ್ತಿತ್ತು. ಫೈಬರ್ ಬಾಕ್ಸಿನ ಅಡಾಪ್ಟರ್ ಬಿಚ್ಚಿ ಅದೇ ಬಲ್ಬಿಗೆ ಕೊಟ್ಟೆ. 11.9ರಲ್ಲಿ ಅಲುಗಾಡದೆ ನಿಂತಿತು.

ಎರಡೂ ಅಡಾಪ್ಟರಿನ ಮೇಲಿದ್ದದ್ದು ಒಂದೇ ಬರಹ: 12 ವೋಲ್ಟ್, 1.5 ಆಂಪಿಯರ್, ಒಳಪಿನ್ನು ಪ್ಲಸ್. ಆದ್ದರಿಂದ ಫೈಬರ್ ಬಾಕ್ಸಿನದನ್ನೇ ರೂಟರಿಗೆ ಹಾಕಿದೆ. ವೈಫೈ ಆನ್ ಇಟ್ಟುಕೊಂಡೇ ಎದ್ದಿತು, ಬೀಳಲಿಲ್ಲ. ಆಗ ರಾತ್ರಿ ಹನ್ನೊಂದೂವರೆ. ಇಂಟರ್ನೆಟ್ ಇನ್ನೂ ಇಲ್ಲ, ಐಡಿ ಬರುವುದು ಬೆಳಿಗ್ಗೆ. ಆದರೂ ಆ ಮಟ್ಟಿಗೆ ನೆಮ್ಮದಿಯಾಗಿ ಮಲಗಿದೆ.

ಮರುದಿನ ಅಂಗಡಿ ತೆರೆಯುವ ಹೊತ್ತಿಗೆ ಪೇಟೆಯಲ್ಲಿದ್ದೆ. ಹೊಸ ಅಡಾಪ್ಟರಿಗೆ 280 ರೂಪಾಯಿ. ತರುವಾಗ ಗಮನಿಸಬೇಕಾದ್ದು ಇಷ್ಟೇ. ವೋಲ್ಟ್ ಹಳೆಯದಕ್ಕೆ ಸಮ ಇರಲೇಬೇಕು. ಆಂಪಿಯರ್ ಹೆಚ್ಚಿದ್ದರೆ ಅಡ್ಡಿಯಿಲ್ಲ, ಕಡಿಮೆ ಇರಬಾರದು. ಪಿನ್ನಿನ ಪ್ಲಸ್ ಮೈನಸ್ ಹಳೆಯದರ ಹಾಗೇ ಇರಬೇಕು, ಪಿನ್ನು ಸಡಿಲ ಕೂರಬಾರದು. ನಾನು 2 ಆಂಪಿಯರಿನದು, ಬಿಐಎಸ್ ಗುರುತಿನ ಜೊತೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದ್ದದ್ದನ್ನೇ ಆರಿಸಿದೆ. ಆ ಅಂಗಡಿಯಲ್ಲೇ ಎಂಬತ್ತು ರೂಪಾಯಿಯದೂ ಇತ್ತು. ಕೈಯಲ್ಲಿ ಹಿಡಿದರೆ ಒಳಗೆ ಏನೂ ಇಲ್ಲದಷ್ಟು ಹಗುರ. ಹಗಲು ರಾತ್ರಿ ಗೋಡೆಯಲ್ಲಿ ಉಳಿಯುವ ವಸ್ತುವಿನಲ್ಲಿ ಆ ಉಳಿತಾಯ ಬೇಡ ಅಂತ ಗಟ್ಟಿಯಾಗಿ ಹೇಳುತ್ತೇನೆ.

ಕೇಬಲ್ ಹುಡುಗ ಐಡಿ, ಪಾಸ್‌ವರ್ಡ್ ಕಳಿಸಿದ. ಹಾಕಿದೆ. ಲಾಗಿನ್ ಆಗಲಿಲ್ಲ! ಅಕ್ಷರ ತಪ್ಪಿರಬೇಕು ಅಂತ ಮೂರು ಸಲ ಹಾಕಿದೆ, ಅದೇ ಉತ್ತರ. ಆಮೇಲೆ ಅವನೇ ಬಿಡಿಸಿ ಹೇಳಿದ. ರೂಟರ್ ಹೇಳದೆ ಕೇಳದೆ ಆಫ್ ಆದಾಗ ಆ ಕಡೆಯ ಸರ್ವರಿಗೆ ಅದು ಗೊತ್ತಾಗುವುದಿಲ್ಲ, ಹಳೆಯ ಲಾಗಿನ್ ಜೀವಂತ ಇದೆ ಅಂತಲೇ ಸ್ವಲ್ಪ ಹೊತ್ತು ಹಿಡಿದುಕೊಂಡಿರುತ್ತದೆ, ಒಂದು ಐಡಿಗೆ ಎರಡನೇ ಲಾಗಿನ್ ಕೊಡುವುದಿಲ್ಲ. ಬೆಳಿಗ್ಗೆ ಐಡಿ ತುಂಬಿದ ಕೂಡಲೇ ನಾನು ಗಮನಿಸುವ ಮೊದಲೇ ಒಮ್ಮೆ ಲಾಗಿನ್ ಆಗಿತ್ತು, ಅಡಾಪ್ಟರ್ ಬದಲಿಸಲು ನಾನು ಹಾಗೇ ಸ್ವಿಚ್ ಕಿತ್ತಿದ್ದೆ. “ಹತ್ತು ನಿಮಿಷ ಮುಟ್ಟಬೇಡಿ ಅಣ್ಣ” ಅಂದ. ಅಷ್ಟರೊಳಗೆ ತಾನಾಗಿ ಸೇರಿಕೊಂಡಿತು. ರೂಟರ್ ಆಫ್ ಮಾಡಿ ತಟ್ಟನೆ ಆನ್ ಮಾಡಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ. 19ರ ರಾತ್ರಿಯೊಳಗೆ ಹನ್ನೊಂದೂ ರಿಟರ್ನ್ ಹೋದವು.

ಹಳೆಯ ಅಡಾಪ್ಟರನ್ನು ಎರಡು ದಿನ ಬಿಟ್ಟು ಒಡೆದು ನೋಡಿದೆ. ಇದನ್ನು ನೀವು ಮಾಡಲೇಬೇಕು ಅಂತಿಲ್ಲ. ಅದರೊಳಗೆ 230 ವೋಲ್ಟಿನ ಎಸಿ ಸುಮಾರು 325 ವೋಲ್ಟಿನ ಡಿಸಿಯಾಗಿ, ಕರೆಂಟು ಹಿಡಿದಿಡುವ ಕೆಪಾಸಿಟರಿನಲ್ಲಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಹೊಡೆಯಬಲ್ಲದು. ಒಳಗೆ ಕಂಡದ್ದು, ಔಟ್‌ಪುಟ್ ಕಡೆಯ ಬೆರಳ ತುದಿಯಷ್ಟು ದಪ್ಪದ ಕೆಪಾಸಿಟರ್. ಅದರ ತಲೆ ಚಪ್ಪಟೆ ಇರಬೇಕು. ಇದರದ್ದು ಇಡ್ಲಿಯ ಹಾಗೆ ಉಬ್ಬಿ, ಬುಡದಲ್ಲಿ ಕಂದು ಬಣ್ಣದ ಕಲೆ ಕಟ್ಟಿತ್ತು. ಈ ಕೆಪಾಸಿಟರಿನ ಒಳಗಿರುವುದು ಒಂದು ದ್ರವ, ಅದು ಬಿಸಿಗೆ ನಿಧಾನ ಒಣಗುತ್ತದೆ. ಬಿಸಿ 10 ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧ. ನಮ್ಮದು ನಾಲ್ಕು ವರ್ಷ ಟಿವಿಯ ಹಿಂದೆ, ಮುಚ್ಚಿದ ಕಪಾಟಿನೊಳಗೆ, ಸೆಟ್-ಟಾಪ್ ಬಾಕ್ಸಿನ ಬಿಸಿಯಲ್ಲೇ ಇತ್ತು. ಓಡುತ್ತಿರುವಷ್ಟು ದಿನ ಹೇಗೋ ಓಡಿತು. ಕರೆಂಟು ಹೋಗಿ ಹೋಗಿ ಬಂದ ಆ ಸಂಜೆ, ಮತ್ತೆ ಮತ್ತೆ ಮೊದಲಿನಿಂದ ಏಳುವ ಭಾರ ಅದಕ್ಕೆ ಹೊರಲಾಗಲಿಲ್ಲ.

ಈಗ ಅಡಾಪ್ಟರ್‌ಗಳೆಲ್ಲ ಕಪಾಟಿನ ಹೊರಗೆ, ಗಾಳಿಯಾಡುವ ಕಡೆ ಇವೆ. ಟಿವಿಯ ಹಿಂದಿನ ಮೂರು ಕಪ್ಪು ಅಡಾಪ್ಟರಿನ ಪಿನ್ನೂ ಒಂದೇ ಥರ ಇರುವುದರಿಂದ ಒಂದೊಂದಕ್ಕೂ ಬಿಳಿ ಟೇಪ್ ಸುತ್ತಿ ಯಾವುದರದ್ದು, ಎಷ್ಟು ವೋಲ್ಟ್, ಯಾವ ತಿಂಗಳು ತಂದದ್ದು ಅಂತ ಬರೆದಿದ್ದೇನೆ. ಐಡಿ, ಪಾಸ್‌ವರ್ಡ್ ಲೆಕ್ಕದ ಪುಸ್ತಕದ ಮೊದಲ ಹಾಳೆಯಲ್ಲಿದೆ. ಮಳೆಗಾಲದಲ್ಲಿ ಕರೆಂಟು ಆಟ ಶುರು ಮಾಡಿದರೆ ಅಮ್ಮನೇ ಹೋಗಿ ರೂಟರಿನ ಸ್ವಿಚ್ ಆರಿಸುತ್ತಾರೆ, ಕರೆಂಟು ಬಂದು ಐದು ನಿಮಿಷ ನಿಂತ ಮೇಲೆ ಮೊದಲು ಫೈಬರ್ ಬಾಕ್ಸ್ ಹಾಕುತ್ತಾರೆ, ಹಸಿರು ದೀಪ ನಿಂತ ಮೇಲೆ ರೂಟರ್.

ಇದಾಗಿ ಎರಡು ತಿಂಗಳಿಗೆ ತಂಗಿಯ ಮನೆಯಿಂದ ಫೋನ್ ಬಂತು. “ಅಣ್ಣಾ, ನಮ್ದೂ ಹಂಗೇ ಆಗಿದೆ, ಅಡಾಪ್ಟರ್ ತರ್ಲಾ?” ಅಂದಳು. ಹೊಸದು ತರಬೇಡ, ಇರು ಅಂತ ಹೇಳಿ ಬಲ್ಬ್, ಮೀಟರ್, ಲ್ಯಾಪ್‌ಟಾಪ್ ಹಿಡಿದು ಹೋದೆ. ಅಲ್ಲಿಯೂ ಅದೇ ಜಾತಿಯ ರೂಟರ್. ಅಡಾಪ್ಟರ್ ಬಲ್ಬಿನ ಭಾರ ಹೊತ್ತು ನೆಟ್ಟಗೆ ನಿಂತಿತು. ಪಿಂಗ್ ಹಾಕಿದರೆ 100, 100, 100. 64 ಬರಲೇ ಇಲ್ಲ. ಬೂಟ್‌ಲೋಡರ್ ಎದ್ದು ಕೂತಿದೆ, ಎಬ್ಬಿಸಲು ಫರ್ಮ್‌ವೇರೇ ಇಲ್ಲ. ಕೇಳಿದರೆ, ಭಾವ ಹಿಂದಿನ ರಾತ್ರಿ ಅಪ್‌ಡೇಟ್ ಒತ್ತಿದ್ದರು, ಅರ್ಧದಲ್ಲಿ ಕರೆಂಟು ಹೋಗಿತ್ತು.

ಇದಕ್ಕೆ ಅಡಾಪ್ಟರ್ ಮದ್ದಲ್ಲ. ಬ್ರೌಸರಿನಲ್ಲಿ 192.168.1.1 ತೆರೆದರೆ ಬೂಟ್‌ಲೋಡರಿನದೇ ಒಂದು ಬೋಳು ಪುಟ ಬಂತು, ಫೈಲ್ ಆರಿಸುವ ಗುಂಡಿ ಒಂದು, ಅಪ್‌ಲೋಡ್ ಗುಂಡಿ ಒಂದು. ರೂಟರಿನ ಅಡಿಯ ಚೀಟಿಯಲ್ಲಿದ್ದ ಮಾಡೆಲ್ ಜೊತೆಗೆ ಹಾರ್ಡ್‌ವೇರ್ ವರ್ಷನ್ನನ್ನೂ ಎರಡೆರಡು ಸಲ ಓದಿದೆ, ಅದು ತಪ್ಪಿದರೆ ಇರುವ ಜೀವವೂ ಹೋಗುತ್ತದೆ. ತಂಗಿಯ ಫೋನಿನ ಹಾಟ್‌ಸ್ಪಾಟಿನಿಂದ ಕಂಪನಿಯ ಸ್ವಂತ ಫೈಲ್ ಇಳಿಸಿ, ರೂಟರಿಗೆ ಇನ್ವರ್ಟರ್ ಲೈನಿನಿಂದ ಕರೆಂಟು ಕೊಟ್ಟು, ಅಪ್‌ಲೋಡ್ ಒತ್ತಿದೆ. ನಾಲ್ಕು ನಿಮಿಷ ಯಾರೂ ಸ್ವಿಚ್ ಬೋರ್ಡಿನ ಹತ್ತಿರ ಹೋಗಲಿಲ್ಲ. ಪಿಂಗ್ ನಿಂತಿತು. ಮತ್ತೆ 100, ಮತ್ತೆ 100, ಆಮೇಲೆ ಖಾಲಿ ಸಾಲುಗಳು. ತಂಗಿ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು. 64 ಬಂದದ್ದನ್ನು ಮೊದಲು ಕಂಡದ್ದು ಅವಳೇ.