ಬಾಡಿಗೆ ಮನೆ, ಸಣ್ಣ ಓವನ್, ರಾತ್ರಿಯ ಮೀನೂಟ: ಬೆಳಗಾವಿಗೆ ಹೊಸದಾಗಿ ಬಂದ ಕುಟುಂಬಗಳಿಗೆ

ವರ್ಗವಾಗಿ ಬಂದವರು ನಮ್ಮ ಸಂಘದಲ್ಲಿ ಮೊದಲು ವಿಚಾರಿಸುವುದು ಮಕ್ಕಳ ಶಾಲೆ, ಆಮೇಲೆ ಗ್ಯಾಸ್ ಸಂಪರ್ಕ. ಎದ್ದು ಹೊರಡುವಾಗ, ಸ್ವಲ್ಪ ದನಿ ತಗ್ಗಿಸಿ, ಮೀನು ಎಲ್ಲಿ ಸಿಗುತ್ತದೆ ಎನ್ನುತ್ತಾರೆ. ದನಿ ತಗ್ಗಿಸುವ ಅಗತ್ಯವೇನೂ ಇಲ್ಲ. ಚೋರ್ಲಾ ಘಾಟಿ ಇಳಿದರೆ ಗೋವಾ, ಅಂಬೋಲಿ ಘಾಟಿ ಇಳಿದರೆ ಸಾವಂತವಾಡಿ, ವೆಂಗುರ್ಲಾ. ಆ ಕಡಲ ಮೀನು ಇಲ್ಲಿಗೆ ಬರುತ್ತದೆ. ಘಟಪ್ರಭೆಗೆ ಹಿಡಕಲ್ಲಿನಲ್ಲಿ, ಮಲಪ್ರಭೆಗೆ ಸವದತ್ತಿಯ ನವಿಲುತೀರ್ಥದಲ್ಲಿ ಅಣೆಕಟ್ಟು ಇರುವುದರಿಂದ ಸಿಹಿನೀರಿನ ಮೀನಿಗೂ ಜಿಲ್ಲೆಯಲ್ಲಿ ಬರವಿಲ್ಲ.

ತೊಡಕಿರುವುದು ಬಾಡಿಗೆ ಮನೆಯಲ್ಲಿ. ಇಲ್ಲಿ ಸಸ್ಯಾಹಾರಿಗಳಿಗೆ ಮಾತ್ರ ಎಂಬ ಷರತ್ತಿನ ಮನೆಗಳು ಸಾಕಷ್ಟಿವೆ. ಮನೆ ನೋಡಲು ಹೋದ ದಿನವೇ ‘ನಾವು ಮೀನು ತಿನ್ನುವವರು’ ಎಂದು ಹೇಳಿಬಿಡಿ. ಮುಂಗಡ ಕೊಟ್ಟ ಮೇಲೆ ಮುಚ್ಚಿಟ್ಟು ತಿನ್ನುವುದಕ್ಕಿಂತ ಬೇರೆ ಮನೆ ಹುಡುಕುವುದು ಲೇಸು. ಮಾಲೀಕರು ಒಪ್ಪಿದರೂ ಮೇಲಂತಸ್ತಿನವರು ತಿನ್ನದವರಾಗಿರಬಹುದು. ಕಾದ ಎಣ್ಣೆಯಲ್ಲಿ ಮೀನು ಕರಿದರೆ ಆ ಹೊಗೆ ಮೆಟ್ಟಿಲು ಹತ್ತಿ ಅವರ ದೇವರ ಕೋಣೆಯವರೆಗೂ ಹೋಗುತ್ತದೆ. ಬಾಳೆ ಎಲೆಯಲ್ಲಿ ಕಟ್ಟಿ ಓವನ್‌ನಲ್ಲಿ ಬೇಯಿಸಿದರೆ ವಾಸನೆ ಬಹುಮಟ್ಟಿಗೆ ಎಲೆಯೊಳಗೇ ಉಳಿಯುತ್ತದೆ, ಎಣ್ಣೆಯೂ ಎರಡು ಚಮಚಕ್ಕೆ ಮುಗಿಯುತ್ತದೆ. ಹೊಸ ಸಂಸಾರಗಳಿಗೆ ನಾವು ಕಾವಲಿ ಬಿಟ್ಟು ಓವನ್ ಶಿಫಾರಸು ಮಾಡುವುದು ಇದಕ್ಕಾಗಿ.

ಪೇಟೆಯಲ್ಲಿ

ಕ್ಯಾಂಪ್ ಪ್ರದೇಶದ ಮೀನು ಮಾರುಕಟ್ಟೆಗೆ ಬೆಳಿಗ್ಗೆಯೇ ಹೋಗಿ. ಸೋಮವಾರ, ಗುರುವಾರ, ಶನಿವಾರ ಇಲ್ಲಿನ ಅನೇಕ ಮನೆಗಳಲ್ಲಿ ಮಾಂಸ, ಮೀನು ಮುಟ್ಟುವುದಿಲ್ಲ. ಬುಧವಾರ, ಶುಕ್ರವಾರ, ಭಾನುವಾರ ವ್ಯಾಪಾರ ಜೋರು, ಆದ್ದರಿಂದ ಆಯ್ಕೆಯೂ ಹೆಚ್ಚು. ಮರಾಠಿ, ಕೊಂಕಣಿ, ಉರ್ದು ಕಿವಿಗೆ ಬಿದ್ದೀತು, ಅಂಜಬೇಡಿ, ಕನ್ನಡದಲ್ಲೇ ಕೇಳಿ. ಕರಾವಳಿಯಿಂದ ಬಂದವರು ಅಂಜಲ್ ಬೇಕಾದರೆ ಸುರಮಯಿ ಎನ್ನಬೇಕು, ಬಂಗುಡೆ ಬೇಕಾದರೆ ಬಾಂಗಡಾ ಎನ್ನಬೇಕು. ಪುನರ್ಪುಳಿಯ (ಕೋಕಂ ಹಣ್ಣಿನ) ಒಣಸಿಪ್ಪೆಗೆ ಕಿರಾಣಿ ಅಂಗಡಿಯಲ್ಲಿ ಆಮಸೂಲ ಎಂದರೆ ಸಾಕು.

ಕಡಲಿನಿಂದ ಘಾಟಿ ಹತ್ತಿ ಬಂದ ಮೀನನ್ನು ಕಣ್ಣುಮುಚ್ಚಿ ಕೊಳ್ಳಬಾರದು. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಕಿವಿರು ಎತ್ತಿದರೆ ಕೆಂಪಾಗಿರಬೇಕು, ಬೆರಳಿನಿಂದ ಒತ್ತಿದ ಗುಳಿ ಮತ್ತೆ ತುಂಬಿಕೊಳ್ಳಬೇಕು. ಕಿವಿರು ಕಂದಿದ್ದರೆ ಮಾರುವವರು ಎಷ್ಟೇ ಬೆಲೆ ಇಳಿಸಲಿ, ಮುಂದಿನ ಬುಟ್ಟಿಗೆ ನಡೆಯಿರಿ. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕ, ಗೋವಾ ಕಡಲಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆ ಎರಡು ತಿಂಗಳು ಕಡಲಮೀನು ದುಬಾರಿ, ಹಲವೊಮ್ಮೆ ಹಳೆಯ ಮಂಜುಗಡ್ಡೆಯದು. ಆಗ ರೋಹು, ಕಟ್ಲಾ ಕೊಳ್ಳಿ. ಆದರೆ ಇವುಗಳ ಮಾಂಸದೊಳಗೆ ಕವಲೊಡೆದ ಸಣ್ಣ ಮುಳ್ಳುಗಳಿರುತ್ತವೆ. ಪುಟ್ಟ ಮಕ್ಕಳಿರುವ ಮನೆಗೆ ಸುರಮಯಿಯ ಹೋಳೇ ಸುರಕ್ಷಿತ. ಯಾವ ಮೀನಾದರೂ ಅಲ್ಲೇ ಶುಚಿ ಮಾಡಿಸಿ ತನ್ನಿ.

ಓವನ್ ಮತ್ತು ವಿದ್ಯುತ್

ಮೇಜಿನ ಮೇಲೆ ಇಡುವ ಸಾಮಾನ್ಯ ಓಟಿಜಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಒಂದರಲ್ಲೇ ಇರುವ ವಿದ್ಯುತ್ ಓವನ್) 1,200ರಿಂದ 1,500 ವ್ಯಾಟ್ ಎಳೆಯುತ್ತದೆ. 16 ಆಂಪಿಯರ್‌ನ ದೊಡ್ಡ ಸಾಕೆಟ್‌ಗೇ ಜೋಡಿಸಿ, ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ. ಹಳೆಯ ಮನೆಗಳಲ್ಲಿ ಗೀಸರ್, ಓವನ್ ಒಟ್ಟಿಗೆ ಹಾಕಿದರೆ ಕತ್ತಲಲ್ಲಿ ಉಣ್ಣಬೇಕಾದೀತು. ನಡುವೆ ವಿದ್ಯುತ್ ಹೋದರೆ ಬಾಗಿಲು ತೆರೆಯದೆ ಐದು ನಿಮಿಷ ಕಾಯಿರಿ, ಒಳಗಿನ ಕಾವು ಅಷ್ಟರಮಟ್ಟಿಗೆ ನಿಲ್ಲುತ್ತದೆ. ಆಮೇಲೂ ಬಾರದಿದ್ದರೆ ಎಲೆಯ ಪೊಟ್ಟಣಗಳನ್ನು ದಪ್ಪ ತವಾದ ಮೇಲಿಟ್ಟು ಮುಚ್ಚಿ, ಸಣ್ಣ ಉರಿಯಲ್ಲಿ ಮುಗಿಸಿ. ಓವನ್ ಇಲ್ಲದವರೂ ಹೀಗೇ ಮಾಡಬಹುದು: ಪ್ರತಿ ಬದಿಗೆ ಎಂಟರಿಂದ ಹತ್ತು ನಿಮಿಷ. ನೀರಿಲ್ಲದ ಪ್ರೆಷರ್ ಕುಕ್ಕರ್‌ನಲ್ಲಿ ಬೇಯಿಸುವ ಉಪಾಯ ಮೊಬೈಲ್‌ನಲ್ಲಿ ಕಾಣಸಿಗುತ್ತದೆ. ಕುಕ್ಕರ್ ಹಾಳಾಗುತ್ತದೆ, ನಾವು ಒಪ್ಪುವುದಿಲ್ಲ.

ಅಡುಗೆ

ನಾಲ್ವರಿಗೆ ತಲಾ ಒಂದರಂತೆ 200ರಿಂದ 250 ಗ್ರಾಂ ತೂಗುವ ನಾಲ್ಕು ಬಂಗುಡೆ ಸಾಕು. ಎರಡೂ ಬದಿಗೆ ಮೂರು ಮೂರು ಗೀರು ಹಾಕಿ, ಉಪ್ಪು, ಅರಿಶಿನ, ಅರ್ಧ ನಿಂಬೆಹಣ್ಣಿನ ರಸ ಸವರಿ 15 ನಿಮಿಷ ಬಿಡಿ. ಹೆಚ್ಚು ಹೊತ್ತು ಬಿಟ್ಟರೆ ಹುಳಿ ಮಾಂಸವನ್ನು ಮೆದುವಾಗಿಸಿ ಹಿಟ್ಟು ಹಿಟ್ಟು ಮಾಡುತ್ತದೆ. ಮೀನಿನ ವಾಸನೆಗೆ ಕಾರಣವಾದ ಅಮೈನು ಎಂಬ ರಾಸಾಯನಿಕಗಳನ್ನು ತಗ್ಗಿಸುವುದೂ ಈ ಹುಳಿಯೇ. ಕಟ್ಲಾ, ರೋಹುವಿನಲ್ಲಿ ಕೆಸರಿನ ಕಂಪು ಇದ್ದರೆ ತೆಳು ಮಜ್ಜಿಗೆಯಲ್ಲಿ ಅರ್ಧ ಗಂಟೆ ನೆನೆಸಿ ತೊಳೆಯಿರಿ. ನೀರಿನ ಪಾಚಿ, ಸೂಕ್ಷ್ಮಜೀವಿಗಳಿಂದ ಬರುವ ಆ ವಾಸನೆಗೂ ಹುಳಿಯೇ ಮದ್ದು.

ಮಸಾಲೆಗೆ ಎಂಟು ಬ್ಯಾಡಗಿ ಮೆಣಸಿನಕಾಯಿ, ಎಂಟು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ಅರ್ಧ ಚಮಚ ಜೀರಿಗೆ, ಹತ್ತು ಕಾಳುಮೆಣಸು. ಐದಾರು ಆಮಸೂಲವನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆ ನೀರನ್ನೇ ಹಾಕಿ ಗಟ್ಟಿಯಾಗಿ ಅರೆಯಿರಿ. ಬ್ಯಾಡಗಿ ಬಣ್ಣಕ್ಕೆ, ಖಾರ ಬೇಕೆನ್ನುವವರು ಎರಡು ಗುಂಟೂರು ಸೇರಿಸಲಿ. ಓವನ್‌ನ 20 ನಿಮಿಷದಲ್ಲಿ ಮೀನು ಬೇಯುತ್ತದೆ, ಹಸಿ ಬೆಳ್ಳುಳ್ಳಿ ಬೇಯುವುದಿಲ್ಲ. ಹಾಗಾಗಿ ಅರೆದ ಮಸಾಲೆಯನ್ನು ಎರಡು ಚಮಚ ಎಣ್ಣೆಯಲ್ಲಿ ಘಮ ಬರುವವರೆಗೆ ಬಾಡಿಸಿಕೊಳ್ಳಿ. ಈ ಕೆಲಸ ಬಿಟ್ಟರೆ ಊಟ ಮುಗಿದ ಮೇಲೂ ಬಾಯಲ್ಲಿ ಹಸಿ ಮಸಾಲೆಯೇ ಉಳಿಯುತ್ತದೆ.

ಓವನ್ 200 ಡಿಗ್ರಿ ಸೆಲ್ಸಿಯಸ್‌ಗೆ ಹತ್ತು ನಿಮಿಷ ಕಾಯಲಿ. ಎರಡು ಆಲೂಗಡ್ಡೆ, ಎರಡು ಈರುಳ್ಳಿಯನ್ನು ತೆಳ್ಳಗೆ ಬಿಲ್ಲೆ ಮಾಡಿ, ಉಪ್ಪು, ಎಣ್ಣೆ ಸವರಿ ತಟ್ಟೆಯಲ್ಲಿ ಹರಡಿ ಮೊದಲೇ 15 ನಿಮಿಷ ಒಳಗಿಡಿ. ಮೀನಿನಷ್ಟು ಬೇಗ ಆಲೂಗಡ್ಡೆ ಬೇಯದು. ಅಷ್ಟರಲ್ಲಿ ಮೀನಿನ ಮೇಲಿನ ನೀರನ್ನು ಬಟ್ಟೆಯಿಂದ ಒರೆಸಿ. ಒದ್ದೆ ಮೀನಿಗೆ ಮಸಾಲೆ ಹಿಡಿಯದೆ ಜಾರಿ ತಟ್ಟೆ ಸೇರುತ್ತದೆ. ಗೀರುಗಳಲ್ಲಿ, ಹೊಟ್ಟೆಯೊಳಗೆ ಮಸಾಲೆ ತುಂಬಿ, ಬೆಂಕಿಗೆ ಬಾಡಿಸಿದ ಬಾಳೆ ಎಲೆಯಲ್ಲಿ ಸುತ್ತಿ ಆಲೂಗಡ್ಡೆಯ ಮೇಲಿಡಿ. ಅಲ್ಯೂಮಿನಿಯಂ ಹಾಳೆ ಬಳಸುವುದಾದರೆ ಎಲೆಯ ಹೊರಗೆ ಬಳಸಿ, ಹುಳಿ ಮಸಾಲೆ ಲೋಹಕ್ಕೆ ತಾಗಬಾರದು.

ಸಮಯದ ಲೆಕ್ಕ ದಪ್ಪದ ಮೇಲೆ ನಿಂತಿದೆ. ಬರಿ ಮೀನಿಗೆ ಒಂದು ಇಂಚು ದಪ್ಪಕ್ಕೆ ಸುಮಾರು ಹತ್ತು ನಿಮಿಷ. ಎಲೆ ಸುತ್ತಿದ ಇಡೀ ಬಂಗುಡೆಗೆ 18ರಿಂದ 20. ಕೊನೆಯ ಮೂರು ನಿಮಿಷ ಎಲೆ ಬಿಡಿಸಿ ಮೇಲಿನ ಕಾಯಿಲ್ ಮಾತ್ರ ಉರಿಸಿದರೆ ಅಂಚು ಕೆಂಪಗಾಗುತ್ತದೆ. ಬೆನ್ನುಮೂಳೆಯ ಬಳಿ ಚಮಚ ಆಡಿಸಿದಾಗ ಮಾಂಸ ಗಾಜಿನಂತೆ ಕಾಣದೆ ಬೆಳ್ಳಗೆ ಪದರಪದರವಾಗಿ ಬಿಟ್ಟುಕೊಂಡರೆ ಆಯಿತು. ಥರ್ಮಾಮೀಟರ್ ಇರುವವರಿಗೆ ಒಳಗಿನ ಗುರಿ 63 ಡಿಗ್ರಿ. ಇನ್ನೂ ಇರಲಿ ಎಂದು ಐದು ನಿಮಿಷ ಹೆಚ್ಚಿಸಬೇಡಿ, ಸುರಮಯಿಯಂತೂ ಒಣಗಿ ನಾರಾಗುತ್ತದೆ.

ಜೊತೆಗೆ ಮೆತ್ತನೆಯ ಜೋಳದ ರೊಟ್ಟಿ, ಹಸಿ ಈರುಳ್ಳಿ, ಮೂಲಂಗಿ. ಅನ್ನವೇ ಬೇಕೆನ್ನುವವರಿಗೆ ಆಮಸೂಲದ ತಿಳಿಸಾರು. ಶೇಂಗಾ ಚಟ್ನಿಪುಡಿ ಈ ಊರಿನ ಹೆಮ್ಮೆಯಾದರೂ ಮೀನಿನ ಪಕ್ಕಕ್ಕೆ ಸಲ್ಲದು. ಮೀನಿನ ಮೇಲೆ ಹಾಲಿನ ಪದಾರ್ಥ ಬೇಡ ಎನ್ನುವ ಹಿರಿಯರಿದ್ದರೆ ಅವರೊಂದಿಗೆ ವಾದಕ್ಕಿಳಿಯದೆ ಕುಂದಾ ಡಬ್ಬಿಯನ್ನು ನಾಳೆಗೆ ಎತ್ತಿಡಿ.

ತಟ್ಟೆಯನ್ನು ಕಡಲೆಹಿಟ್ಟು ಉದುರಿಸಿ ಒರೆಸಿ, ಹಿಂಡಿದ ನಿಂಬೆಸಿಪ್ಪೆಯಿಂದ ಉಜ್ಜಿ ತೊಳೆಯಿರಿ. ಮುಳ್ಳು, ತಲೆ, ಮಸಾಲೆ ಹತ್ತಿದ ಎಲೆಯನ್ನು ರಾತ್ರಿ ಹೊರಗಿಟ್ಟರೆ ಬೆಕ್ಕು ನಾಯಿಗಳು ಓಣಿಯುದ್ದಕ್ಕೂ ಹರಡುತ್ತವೆ, ಬೆಳಗ್ಗೆ ನೆರೆಯವರ ಮಾತು ಕೇಳಬೇಕಾಗುತ್ತದೆ. ಹಳೆಯ ಪತ್ರಿಕೆಯಲ್ಲಿ ಬಿಗಿಯಾಗಿ ಕಟ್ಟಿ, ಒಂದು ಡಬ್ಬಿಯಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ. ಪಾಲಿಕೆಯ ಕಸದ ಗಾಡಿ ಬಂದಾಗ ಹೊರತೆಗೆದು ಹಸಿ ಕಸಕ್ಕೆ ಕೊಡಿ.