ಕಾಫಿ ತೋಟದಲ್ಲಿ ರ‍್ಯಾಲಿ ನೋಡೋಕೆ ಹೊರಟವರಿಗೆ

2011ರಿಂದ 2013ರವರೆಗೆ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್‌ನಲ್ಲಿ ಫಾರ್ಮುಲಾ ಒನ್ ನಡೆಯಿತಲ್ಲ, ಅಲ್ಲಿ ಸ್ಟ್ಯಾಂಡಲ್ಲಿ ಸುಮ್ನೆ ಕೂತರೆ ಸಾಕಿತ್ತು, ರೇಸು 60 ಸುತ್ತು. ನಮ್ಮ ಕೊಡಗಿನ ತೋಟದ ರ‍್ಯಾಲಿ ಹಾಗಲ್ಲ. ಒಂದು ಕಾರು ಬರ‍್ರನೆ ಹೋದರೆ ಹೋಯಿತು. ಹಾಗಾಗಿ ಎಲ್ಲಿ ನಿಲ್ಲುತ್ತೀರಿ ಅನ್ನೋದೇ ಮುಖ್ಯ.

ಬೇಗ ಹೊರಡಿ. ಸ್ಟೇಜ್, ಅಂದರೆ ಕಾರುಗಳು ಗಡಿಯಾರದ ವಿರುದ್ಧ ಓಡುವ ರಸ್ತೆಯ ತುಂಡು, ಶುರುವಾಗೋಕೆ ಎಷ್ಟೋ ಮುಂಚೆ ರಸ್ತೆ ಮುಚ್ಚುತ್ತಾರೆ. ಕಡುಬು ತಿಂದೇ ಹೋಗೋಣ ಅಂತ ಕೂತು ನಾನೊಮ್ಮೆ ಮೊದಲ ಸ್ಟೇಜೇ ಕಳೆದುಕೊಂಡೆ.

ತಿರುವಿನ ಹೊರಬದಿಯಲ್ಲಿ ಮಾತ್ರ ನಿಲ್ಲಬೇಡಿ. ಹಿಡಿತ ತಪ್ಪಿದ ಕಾರು ಜಾರುವುದು ಅತ್ತಲೇ. ಒಳಬದಿಯಲ್ಲಿ, ರಸ್ತೆಗಿಂತ ಎತ್ತರದ ಬರೆ ಮೇಲೆ, ಟೇಪಿನ ಹಿಂದೆ ನಿಲ್ಲಿ. ಮೊದಲು ರಸ್ತೆ ಖಾಲಿ ಇದೆಯಾ ಅಂತ ನೋಡುವ ಜೀರೋ ಕಾರು ಬರುತ್ತದೆ, ಆಮೇಲೆ ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಒಂದೊಂದೇ ಸ್ಪರ್ಧಿ. ಕಾರು ಕಾಣುವ ಮೊದಲೇ ತೋಟದೊಳಗಿಂದ ಸದ್ದು ಕೇಳುತ್ತದೆ, ಸಿಲ್ವರ್ ಓಕ್ ಮರಗಳ ನಡುವೆ ಕೆಂಪು ಧೂಳು ಏಳುತ್ತದೆ, ಮಾರ್ಷಲ್ ಸೀಟಿ ಊದುತ್ತಾರೆ, ಆಗ ಮೂಗಿಗೆ ಟವೆಲ್ ಕಟ್ಟಿಕೊಳ್ಳಿ. ಎಲ್ಲ ಸ್ಪರ್ಧಿಗಳ ಹಿಂದೆ ಕೊನೆಗೆ ಬರುವ ಸ್ವೀಪ್ ಕಾರು ಹೋಗುವವರೆಗೆ ರಸ್ತೆಗೆ ಇಳಿಯಬೇಡಿ, ಫೋಟೋ ಹುಚ್ಚು ಎಷ್ಟಿದ್ದರೂ.

ತೋಟದೊಳಗೆ ಎಷ್ಟೋ ಕಡೆ ನೆಟ್‌ವರ್ಕ್ ಸಿಗಲ್ಲ, ಎಲ್ಲಿ ಸೇರುವುದು ಅಂತ ಮೊದಲೇ ಮಾತಾಡಿಕೊಳ್ಳಿ. ಒದ್ದೆ ಇದ್ದರೆ ಜಿಗಣೆಗೆ ಉಪ್ಪು ಇಟ್ಟುಕೊಳ್ಳಿ. ಕಾಫಿ ಗಿಡ ತುಳಿಯಬೇಡಿ, ಅದು ಯಾರದ್ದೋ ವರ್ಷದ ಬೆಳೆ.

ಸಂಜೆ ಸರ್ವೀಸ್ ಪಾರ್ಕಿಗೂ, ಅಂದರೆ ರ‍್ಯಾಲಿ ಕಾರುಗಳನ್ನು ರಿಪೇರಿ ಮಾಡುವ ಜಾಗಕ್ಕೂ, ಹೋಗಿ. ನನಗಂತೂ ಸ್ಟೇಜಿಗಿಂತ ಅದೇ ಇಷ್ಟ. ಕೊಟ್ಟ ಸಮಯ ಮೀರಿದರೆ ಪೆನಾಲ್ಟಿ, ಅದಕ್ಕೇ ಮೆಕ್ಯಾನಿಕ್‌ಗಳು ಕಾರಿನಡಿ ಮಲಗಿ, ಬಿಸಿ ಬೋಲ್ಟಿಗೆ ಕೈ ಸುಟ್ಟುಕೊಂಡರೂ ಬಿಡದೆ ತಿರುಗಿಸುತ್ತಿರುತ್ತಾರೆ.