ಕಹಳೆ ಬೇಡ, ನಾಲ್ವರು ಸಾಕು: ಆಪರೇಶನ್ ಐವಿ ಹಾಡುಗಳನ್ನು ನುಡಿಸಿದ ನಮ್ಮ ಅನುಭವ

ಜಮೈಕಾದ ಸ್ಕಾ ಸಂಗೀತ ಮತ್ತು ಒರಟು ಪಂಕ್ ರಾಕ್ ಬೆರೆತ ಸ್ಕಾ-ಪಂಕ್‌ಗೆ ಟ್ರಂಪೆಟ್ಟು, ಟ್ರಾಂಬೋನು ಇರಲೇಬೇಕು ಎನ್ನುವವರಿಗೆ ನಾವು ಮೊದಲು ಆಪರೇಶನ್ ಐವಿಯನ್ನು ಕೇಳಿಸುತ್ತೇವೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಈ ಬ್ಯಾಂಡ್ ಬದುಕಿದ್ದು ಎರಡೇ ವರ್ಷ, 1987ರ ಮೇಯಿಂದ 1989ರ ಮೇವರೆಗೆ. ಗಿಲ್‌ಮನ್ ಸ್ಟ್ರೀಟಿನ 924ನೇ ನಂಬರಿನ ಕ್ಲಬ್ಬೇ ಅವರ ಅಡ್ಡೆ. ಒಂದು ಇಪಿ (ಕೆಲವೇ ಹಾಡುಗಳ ಕಿರು ಆಲ್ಬಮ್), ಒಂದೇ ಆಲ್ಬಮ್. 'ಎನರ್ಜಿ' ಎಂಬ ಆ ಆಲ್ಬಮ್ಮನ್ನು ಮೊದಲು ಕ್ಲಬ್ಬಿನಲ್ಲೇ ರೆಕಾರ್ಡ್ ಮಾಡಿ, ಸರಿಬರದೆ ಕೈಬಿಟ್ಟು, ಸ್ಟುಡಿಯೋದಲ್ಲಿ ಮತ್ತೆ ಮಾಡಿದರು. 1991ರ ಸಿಡಿಯಲ್ಲಿ ಎಲ್ಲ ಸೇರಿ 27 ಹಾಡು. ಗಿಟಾರಿನ ಟಿಮ್ ಆರ್ಮ್‌ಸ್ಟ್ರಾಂಗ್, ಬೇಸ್‌ನ ಮ್ಯಾಟ್ ಫ್ರೀಮನ್ ಮುಂದೆ ರ್‍ಯಾನ್ಸಿಡ್ ಎಂಬ ಬ್ಯಾಂಡ್ ಕಟ್ಟಿದರು. ಒಂದು ಹಾಡಿನಲ್ಲಿ ಅತಿಥಿ ಸ್ಯಾಕ್ಸೋಫೋನ್ ಬಂದುಹೋಗುತ್ತದೆ. ಮಿಕ್ಕಿದ್ದೆಲ್ಲ ಗಿಟಾರು, ಬೇಸು, ಡ್ರಮ್ಸು, ದನಿ. ಹಾಗಾಗಿ ನಾಲ್ಕು ಜನರ ಬ್ಯಾಂಡಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಕಲಿಯುವಾಗ ಕೈಕೊಡುವುದು ವೇಗ ಅಲ್ಲ, ಗಿಟಾರಿನ ಎಡುಪು, ಅಂದರೆ ತಾಳದಲ್ಲಿ ಅದು ಬೀಳುವ ಜಾಗ. ಸ್ಕಾ ಗಿಟಾರು ಬೀಳುವುದು ತಟ್ಟಿನ ಮೇಲಲ್ಲ, ಎರಡು ತಟ್ಟುಗಳ ಸರಿಮಧ್ಯೆ. ಪ್ರತಿ ತಟ್ಟಿಗೆ 'ತ-ಕ' ಎಂದು ಬಾಯಲ್ಲಿ ಹೇಳಿಕೊಳ್ಳಿ. ಕಾಲು 'ತ'ಗೆ ನೆಲ ಮುಟ್ಟಲಿ, ಪಿಕ್ ಕೆಳಗಿಂದ ಮೇಲಕ್ಕೆ 'ಕ'ಗೆ ಮಾತ್ರ ತಂತಿ ಮುಟ್ಟಲಿ. 'ತ' ಬಂದಾಗಲೂ ಕೈ ಕೆಳಗೆ ಇಳಿಯಬೇಕು, ತಂತಿಗೆ ತಾಗಬಾರದು ಅಷ್ಟೆ. ಕೈಯನ್ನು ನಡುವೆ ನಿಲ್ಲಿಸಿದವರು ಮೂರನೇ ಆವರ್ತನೆಯೊಳಗೆ ತಪ್ಪುತ್ತಾರೆ. ಅಪ್‌ಸ್ಟ್ರೋಕ್ ಮೆಲ್ಲಗೆ ತಟ್ಟಿನ ಮೇಲೆ ಜಾರಿ, ಡ್ರಮ್ಮರ್ ಒಂದು ಕಡೆ, ಗಿಟಾರು ಇನ್ನೊಂದು ಕಡೆ ಆಗುತ್ತದೆ.

ನಾವು ಹಿಡಿದ ದಾರಿ ಹೀಗೆ. ತಾಳ ಹಾಕುವ ಯಂತ್ರ ಮೆಟ್ರೊನೋಮನ್ನು ನಿಮಿಷಕ್ಕೆ 100 ತಟ್ಟಿಗೆ ಇಟ್ಟು, ಅದರ ಟಿಕ್ ಅನ್ನೇ 'ಕ' ಎಂದು ಎಣಿಸಿ, 'ತ'ವನ್ನು ಕಾಲಿನಿಂದ ನಾವೇ ಹುಟ್ಟಿಸಿಕೊಳ್ಳುವುದು. ಮೊದಮೊದಲು ತಲೆ ತಿರುಗುತ್ತದೆ. ನಾಲ್ಕು ನಿಮಿಷ ಜಾರದೆ ನಿಂತ ಮೇಲೆ 5 ಏರಿಸಿ. 160ರಲ್ಲಿ ಒಂದು ತಟ್ಟು 375 ಮಿಲಿಸೆಕೆಂಡ್, 'ತ'ಗೂ 'ಕ'ಗೂ ನಡುವೆ 187ರ ಆಸುಪಾಸು. ಕಾರ್ಡ್ ಅದರ ಅರ್ಧಕ್ಕಿಂತಲೂ ಕಡಿಮೆ ಹೊತ್ತು ಮೊಳಗಬೇಕು. ಅದನ್ನು ಅಡಗಿಸುವುದು ಎಡಗೈ: ಬೆರಳು ಎತ್ತಬೇಡಿ, ಒತ್ತಡ ಮಾತ್ರ ಬಿಡಿ. ತೆರೆದ ಕಾರ್ಡ್‌ಗಳಲ್ಲಿ ಒತ್ತಿರದ ತಂತಿಗಳು ಮೊಳಗುತ್ತಲೇ ಇರುತ್ತವೆ, ಆದ್ದರಿಂದ ಒಂದೇ ಬೆರಳು ಅಡ್ಡಲಾಗಿ ಎಲ್ಲ ತಂತಿ ಒತ್ತುವ ಬಾರ್ ಕಾರ್ಡ್ ಮಾತ್ರ. ಐದನೇ ಫ್ರೆಟ್ಟಿನಲ್ಲಿ ಬಾರ್ ಹಿಡಿದು ನುಡಿಸುವ ಎ ಮೇಜರ್‌ನಲ್ಲಿ ಸಣ್ಣ ನಾಲ್ಕು ತಂತಿ ಸಾಕು. ದಪ್ಪ ತಂತಿಗಳ ಜಾಗ ಬೇಸಿಗೆ ಬಿಡಿ.

ತಂತಿ 9ರ ಸೆಟ್ (ಅತಿ ತೆಳು ತಂತಿಯ ದಪ್ಪ ಇಂಚಿನ ಸಾವಿರದ 9 ಪಾಲು) ಬೇಡ. ಜೋರಾಗಿ ಎಳೆದರೆ ಶ್ರುತಿ ಏರುತ್ತದೆ. ನಾವು 11ರ ಸೆಟ್, 0.73 ಮಿ.ಮೀ. ಪಿಕ್ ಬಳಸುತ್ತೇವೆ.

ಒಂದೇ ಹಾಡಿನಲ್ಲಿ ಸ್ವಚ್ಛ ಸ್ಕಾ ಸದ್ದು, ಅದರ ಬೆನ್ನಿಗೇ ಒರಟು ಪಂಕ್ ಸದ್ದು ಬೇಕು. ಪೆಡಲ್ ತುಳಿಯುತ್ತಾ ಕೂತರೆ ಕಾಲಿನ ತಾಳ ಹೋಗುತ್ತದೆ. ಆಂಪ್ಲಿಫೈಯರನ್ನು ಒರಟಾಗಿಯೇ ಇಟ್ಟು ಗಿಟಾರಿನ ವಾಲ್ಯೂಮ್ ಗುಬುಟು ತಿರುಗಿಸುವುದು ಸುಲಭ: ಸ್ಕಾಗೆ 5, ಪಂಕ್‌ಗೆ 10. ತೊಂದರೆ ಏನೆಂದರೆ, 5ಕ್ಕೆ ಇಳಿಸಿದಾಗ ಮೇಲಿನ ಸ್ವರದ ಹೊಳಪು ಸತ್ತು, ಸ್ಕಾ ಗಿಟಾರು ಕಂಬಳಿ ಹೊದ್ದಂತೆ ಕೇಳುತ್ತದೆ. ಗಿಟಾರಿನ ಒಳಗೆ ಈ ಗುಬುಟಿನ ಬುಡಕ್ಕೆ ಮೂರು ಲೋಹದ ಕಾಲುಗಳಿರುತ್ತವೆ; ಪಿಕಪ್ (ತಂತಿಯ ಸದ್ದು ಹಿಡಿಯುವ ಭಾಗ) ತಂತಿ ಬರುವ ಕಾಲು ಮತ್ತು ನಡುವಿನ ಕಾಲು, ಇವೆರಡರ ನಡುವೆ 680 ಪಿಕೊಫ್ಯಾರಡ್ ಕೆಪಾಸಿಟರ್ ಮತ್ತು 150 ಕಿಲೋಓಮ್ ರೆಸಿಸ್ಟರ್ ಪಕ್ಕಪಕ್ಕ (ಸಮಾಂತರವಾಗಿ) ಬೆಸುಗೆ ಹಾಕಿದರೆ ಹೊಳಪು ಉಳಿಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎರಡೂ ಸಿಗುತ್ತವೆ. ಇದಾದ ಮೇಲೆ ಗುಬುಟಿನ ನಡೆ ಬದಲಾಗುತ್ತದೆ, ಹಳೆಯ 5ರ ಸದ್ದು ಈಗ 3ರಲ್ಲೋ 4ರಲ್ಲೋ ಸಿಗಬಹುದು. ಹೊಸ ಜಾಗ ಹುಡುಕಿ ಗುಬುಟಿಗೆ ಬಿಳಿ ಗುರುತು ಹಾಕಿಕೊಳ್ಳಿ. ವೇದಿಕೆಯ ಕತ್ತಲಲ್ಲಿ ಅದೇ ಗತಿ.

ಕಹಳೆಗಳಿಲ್ಲದ ಕೊರತೆಯನ್ನು ತುಂಬುವುದು ಬೇಸ್. ಫ್ರೀಮನ್ ಹಾಗೆ ಓಡಾಡುವ ಮುಂಚೆ ಒಂದು ಕಾರ್ಡಿಗೆ ನಾಲ್ಕು ಸ್ವರ ಗಟ್ಟಿ ಮಾಡಿ: ಡಿ ಮೇಜರ್‌ಗೆ ಡಿ, ಎಫ್ ಶಾರ್ಪ್, ಎ, ಬಿ, ಒಂದೊಂದು 'ತ'ಗೆ ಒಂದೊಂದು. ಬೇಸ್ 'ಕ'ಗೆ ಬೀಳಬಾರದು, ಆ ಜಾಗ ಗಿಟಾರಿನದು. ಸದ್ದಿನಲ್ಲಿ 80 ಹರ್ಟ್ಸ್ ಕೆಳಗಿನದನ್ನು ಕೊಂಚ ಇಳಿಸಿ, 700–800ರ ಸುತ್ತ ಏರಿಸಿ. ಇಲ್ಲದಿದ್ದರೆ ಕಿಕ್ ಡ್ರಮ್ಮಿನ ಜೊತೆ ಕಲಸಿಹೋಗಿ, ಓಡಿದ ಸ್ವರ ಯಾವುದೂ ಕೇಳಿಸದೆ ಗುಡುಗು ಮಾತ್ರ ಉಳಿಯುತ್ತದೆ.

ಹೆಚ್ಚು ಬ್ಯಾಂಡ್‌ಗಳು ಮುಗ್ಗರಿಸುವುದು ಸ್ಕಾದಿಂದ ಪಂಕ್‌ಗೆ ಹಾರುವಾಗ. ಕಾರಣ ಲೆಕ್ಕದಲ್ಲಿದೆ. ಸ್ಕಾ ಭಾಗದಲ್ಲಿ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮು) 1, 3ನೇ ತಟ್ಟಿಗೆ, ಸ್ನೇರ್ (ಕೋಲಿನಿಂದ ಬಾರಿಸುವ ಚುರುಕು ಸದ್ದಿನ ಡ್ರಮ್ಮು) 2, 4ಕ್ಕೆ, 'ಕ' ಗಿಟಾರಿಗೆ. ಪಂಕ್ ಭಾಗದಲ್ಲಿ ಲಯ ಅದೇ, ಆದರೆ ಕಿಕ್ ಪ್ರತಿ 'ತ'ಗೆ, ಸ್ನೇರ್ ಪ್ರತಿ 'ಕ'ಗೆ. ಅಂದರೆ ಗಿಟಾರು ಬಿಟ್ಟ ಜಾಗಕ್ಕೇ ಸ್ನೇರ್ ಬಂದು ಕೂರುತ್ತದೆ. ಇದು ತಿಳಿಯದ ಡ್ರಮ್ಮರ್ ಸ್ನೇರನ್ನೇ 'ತ' ಎಂದುಕೊಂಡು ಅರ್ಧ ತಟ್ಟು ಉರುಳಿಸಿಬಿಡುತ್ತಾನೆ. ಪಂಕ್ ಶುರುವಾಗುವ ಮುನ್ನ ಒಂದು ಆವರ್ತನೆ ಎಲ್ಲರೂ ಸುಮ್ಮನಿದ್ದು, ಬಾಯಲ್ಲಿ ನಾಲ್ಕು 'ತ-ಕ' ಹೇಳಿ ಇಳಿಯುವುದನ್ನು ಅಭ್ಯಾಸ ಮಾಡಿ. ಇದಕ್ಕೇ ಒಂದು ವಾರ ಕೊಟ್ಟರೂ ಹೆಚ್ಚಲ್ಲ. ನಾಲ್ವರೂ ಬಾಯಲ್ಲಿ ಹೇಳುವುದು ನಿಲ್ಲಿಸುವವರೆಗೆ ವೇಗ ಏರಿಸಬೇಡಿ.

ಕನ್ನಡದಲ್ಲಿ ಹಾಡು ಕಟ್ಟುವವರಿಗೆ ಒಂದು ಮಾತು. 160ರಲ್ಲಿ ಒತ್ತಕ್ಷರ ತುಂಬಿದ ಸಾಲು ಉಸಿರುಗಟ್ಟಿಸುತ್ತದೆ, ಗುರು ಹೆಚ್ಚಾದಷ್ಟೂ ಬಾಯಿ ಹಿಂದೆ ಬೀಳುತ್ತದೆ. ಲಘು ಹೆಚ್ಚಿರುವ ಸಾಲು ಹೊಸೆಯಿರಿ, ಗುರುಗಳನ್ನು ಸಾಲಿನ ಕೊನೆಗೆ ತಳ್ಳಿ. ಪಲ್ಲವಿಯನ್ನು ಮೂವರು ಒಟ್ಟಿಗೆ ಕೂಗುವುದಾದರೆ ಒಂದೇ ಮೈಕ್ ಇಟ್ಟು, ಹಾಡುಗಾರ ಹತ್ತಿರ, ಉಳಿದಿಬ್ಬರು ಒಂದಡಿ ಹಿಂದೆ.